ಸಂಜೆ ಏಳರ ಕರೆಂಟು

ಕರೆಂಟಿನ ಬಗ್ಗೆ ನಮ್ಮಲ್ಲಿ ನಡೆಯುವ ವಾದವೆಲ್ಲ ಅದು ಎಲ್ಲಿಂದ ಬರಬೇಕು ಎನ್ನುವುದರ ಸುತ್ತ. ಕಲ್ಲಿದ್ದಲೋ ಸೌರವೋ, ಅಣುವೋ ನೀರೋ? ಅದು ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳುವವರು ಕಡಿಮೆ. ಕರ್ನಾಟಕದ ಮಟ್ಟಿಗೆ ಈಗ ಕಲ್ಲಿದ್ದಲಿನ ಹೊಗೆ, ಪಾವಗಡದ ಬಿಸಿಲು, ಶರಾವತಿ ಕಣಿವೆಯ ಕಾಡು ಈ ಮೂರೂ ಬಂದು ಸೇರಿರುವುದು ಆ ಎರಡನೆಯ ಪ್ರಶ್ನೆಯಲ್ಲೇ.

ವಿದ್ಯುತ್ತಿನ ಸ್ವಭಾವ ವಿಚಿತ್ರ. ಭತ್ತವನ್ನು ಕಣಜಕ್ಕೆ ತುಂಬಬಹುದು, ಪೆಟ್ರೋಲನ್ನು ಟ್ಯಾಂಕಿಗೆ ತುಂಬಬಹುದು. ತಂತಿಯಲ್ಲಿ ಹರಿಯುವ ಕರೆಂಟನ್ನು ಮಾತ್ರ ಹಾಗೆಯೇ ಎತ್ತಿಡಲು ಆಗದು. ಯಾರೋ ಫ್ಯಾನಿನ ಸ್ವಿಚ್ ಒತ್ತಿದ ಕ್ಷಣದಲ್ಲೇ ಎಲ್ಲೋ ಒಂದು ಟರ್ಬೈನು ಅಷ್ಟು ಹೆಚ್ಚು ದುಡಿಯಬೇಕು. ಬೆಂಗಳೂರಿನಲ್ಲಿರುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್‌ನ ಎಂಜಿನಿಯರುಗಳು ಹಗಲೂ ರಾತ್ರಿ ಪಾಳಿಯಲ್ಲಿ ಕೂತು ಮಾಡುವುದು ಇದನ್ನೇ. ಬೇಡಿಕೆ ಮತ್ತು ಉತ್ಪಾದನೆ ಸರಿತೂಗಿದರೆ ಜಾಲದ ಫ್ರೀಕ್ವೆನ್ಸಿ 50 ಹರ್ಟ್ಜ್ ಹತ್ತಿರ ನಿಲ್ಲುತ್ತದೆ. ಬೇಡಿಕೆ ಏರಿ ಉತ್ಪಾದನೆ ಹಿಂದೆ ಬಿದ್ದರೆ ಅದು 49.9ಕ್ಕಿಂತ ಕೆಳಗೆ ಜಾರುತ್ತದೆ. ಆಗ ಯಾವುದಾದರೂ ಸ್ಥಾವರಕ್ಕೆ ಉತ್ಪಾದನೆ ಏರಿಸಿ ಎಂದು ಹೇಳಬೇಕು, ಅದೂ ಸಾಲದಿದ್ದರೆ ಯಾವುದಾದರೂ ಪ್ರದೇಶಕ್ಕೆ ಕರೆಂಟು ಒಯ್ಯುವ ಫೀಡರ್ ಕಡಿಯಬೇಕು. ನಮ್ಮ ಮನೆಗೆ ಇದು ತಲುಪುವುದು ‘ಲೋಡ್ ಶೆಡ್ಡಿಂಗ್’ ಎಂಬ ಹೆಸರಿನಲ್ಲಿ. ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ ಈಚಿನ ವರ್ಷಗಳಲ್ಲಿ 18,000 ಮೆಗಾವಾಟ್ ದಾಟಿದೆ.

ಮಧ್ಯಾಹ್ನ ಹನ್ನೆರಡರ ಚಿತ್ರ ನೋಡಿ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು, ನಾಗಲಮಡಿಕೆ ಹೋಬಳಿ. ತಿರುಮಣಿ, ವಳ್ಳೂರು, ಬಳಸಮುದ್ರ, ರ‍್ಯಾಪ್ಟೆ ಕಡೆಯ ಬಸ್ಸು ಹಿಡಿದು ಹೋದವರಿಗೆ ಒಂದು ಕಾಲದಲ್ಲಿ ಕಾಣುತ್ತಿದ್ದುದು ಶೇಂಗಾ ಹೊಲ, ಜಾಲಿ, ಒಣಗಿದ ಕೆರೆ. ಈಗ ಕಣ್ಣು ಹಾಯುವಷ್ಟು ದೂರ ಸೌರಫಲಕ. 13,000 ಎಕರೆಯಲ್ಲಿ 2,050 ಮೆಗಾವಾಟ್. 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಇದರಲ್ಲಿ ಸರ್ಕಾರ ಮಾಡಿದ ಒಂದು ಜಾಣತನವನ್ನು ಮೆಚ್ಚಲೇಬೇಕು. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಸುವ ಕರಾರಿನಲ್ಲಿ 28 ವರ್ಷಕ್ಕೆ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ಹೆಸರು ರೈತನದೇ. ಮಳೆ ಕೈಕೊಟ್ಟರೆ ಬಿತ್ತನೆಬೀಜದ ದುಡ್ಡೂ ಹುಟ್ಟದ ನೆಲಕ್ಕೆ ಇದು ಸಣ್ಣ ಮೊತ್ತವಲ್ಲ.

ಆದರೆ ಆ ಕರಾರು ಪತ್ರದಲ್ಲಿ ಹೆಸರಿಲ್ಲದವರೂ ಅಲ್ಲಿದ್ದರು. ಒಂದು ಗುಂಟೆಯೂ ಇಲ್ಲದೆ ಇನ್ನೊಬ್ಬರ ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣ ಬರುವುದಿಲ್ಲ. ಬೇಲಿಯೊಳಗೆ ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು, ರಾತ್ರಿ ಕಾವಲು ಇಷ್ಟೇ ಅವರಿಗೆ ಉಳಿದ ಕೆಲಸ. ಅದೂ ಎಲ್ಲರಿಗಿಲ್ಲ. ಸ್ವಚ್ಛ ಇಂಧನ ಎಂದು ಬರೆಯುವಾಗ ಇದನ್ನು ಅಡಿಟಿಪ್ಪಣಿಗೆ ತಳ್ಳುವ ರೂಢಿ ಬಂದುಬಿಟ್ಟಿದೆ. ಸರಿಯಲ್ಲ.

ಹನ್ನೆರಡು ಗಂಟೆಗೆ ಪಾವಗಡ ಉಕ್ಕುತ್ತಿರುತ್ತದೆ. ಕಲಬುರಗಿ, ಚಿತ್ರದುರ್ಗ, ಕೊಪ್ಪಳದ ಕಡೆಯ ಬೇರೆ ಸೌರಘಟಕಗಳೂ ಹಾಗೆಯೇ. ರಾಜ್ಯದಲ್ಲಿ ಸೌರ, ಗಾಳಿ ಎರಡೂ ಸೇರಿ 15 ಸಾವಿರ ಮೆಗಾವಾಟಿಗಿಂತ ಹೆಚ್ಚು ಸಾಮರ್ಥ್ಯವಿದೆ. ಆ ಹೊತ್ತಿನ ಕರೆಂಟು ಎಷ್ಟು ಅಗ್ಗವೆಂದರೆ, ಕೆಲವು ದಿನ ಕೊಳ್ಳುವವರಿಲ್ಲದೆ ಸೌರಘಟಕಗಳಿಗೆ ‘ಸಾಕು, ಇಳಿಸಿ’ ಎಂದು ಹೇಳಬೇಕಾಗುತ್ತದೆ. ನಾಲ್ಕಕ್ಕೆ ಉತ್ಪಾದನೆ ಇಳಿಯತೊಡಗುತ್ತದೆ. ಆರೂವರೆಗೆ ಸೊನ್ನೆ. ಮನೆಗಳಲ್ಲಿ ದೀಪ, ಟಿ.ವಿ., ಮಿಕ್ಸಿ, ಏಸಿ, ಅಂಗಡಿಗಳ ಬೋರ್ಡು ಎಲ್ಲ ಒಟ್ಟಿಗೆ ಹತ್ತಿಕೊಳ್ಳುವುದು ಅದೇ ಹೊತ್ತಿಗೆ. ಮುಂಗಾರಿನ ತಿಂಗಳುಗಳಲ್ಲಾದರೆ ಗದಗ, ಚಿತ್ರದುರ್ಗದ ಗಾಳಿಯಂತ್ರಗಳು ಸ್ವಲ್ಪ ಕೈಹಿಡಿಯುತ್ತವೆ. ಏಪ್ರಿಲ್‌ನಲ್ಲಿ ಅವನ್ನು ನೆಚ್ಚಿಕೊಳ್ಳುವಂತಿಲ್ಲ.

ಸಂಜೆ ಏಳಕ್ಕೆ ಮುಖ್ಯವಾಗಿ ಒದಗುವವರು ಇಬ್ಬರು. ಒಬ್ಬರು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನವರು. ಇನ್ನೊಬ್ಬಳು ಶರಾವತಿ. ಕೈಗಾದ ಅಣುಸ್ಥಾವರ ಏರಿಳಿತವಿಲ್ಲದೆ ಒಂದೇ ಹದದಲ್ಲಿ ನಡೆಯುವಂಥದು, ಸಂಜೆಯ ಏರಿಕೆಗೆ ಅದನ್ನು ಕರೆಯುವ ಹಾಗಿಲ್ಲ.

ಮೊದಲು ಕಲ್ಲಿದ್ದಲು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ, ಮಹಾರಾಷ್ಟ್ರದಿಂದ ರೈಲಿನಲ್ಲಿ ಬರಬೇಕು. ರಾಯಚೂರು ಪಕ್ಕದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕ ಸೇರಿ 1,720 ಮೆಗಾವಾಟ್. ಅಲ್ಲಿನ 210 ಮೆಗಾವಾಟಿನ ಒಂದೇ ಘಟಕ ಪೂರ್ಣ ಪ್ರಮಾಣದಲ್ಲಿ ಓಡಿದರೆ ಗಂಟೆಗೆ ಸುಮಾರು 140 ಟನ್ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೀ ಬೂದಿ. ಅದು ಕೃಷ್ಣೆಯ ದಡದ ಬೂದಿಹೊಂಡಕ್ಕೆ, ಸಿಮೆಂಟ್ ಕಾರ್ಖಾನೆಗೆ, ಇಟ್ಟಿಗೆಗೆ ಹೋಗುತ್ತದೆ. ಗಾಳಿಗೆ ಹಾರಿ ಊರವರ ಹೆಂಚಿನ ಮೇಲೂ ಕೂರುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಬಾಬ್ತು ಇಂಗಾಲದ ಡೈ ಆಕ್ಸೈಡ್. ಕಲ್ಲಿದ್ದಲಿನಿಂದ ಬರುವ ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ ಒಂದು ಕಿಲೋ.

ಉಷ್ಣಸ್ಥಾವರದ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಅದನ್ನು ಸಂಜೆ ಏಳಕ್ಕೆ ಸ್ವಿಚ್ ಹಾಕಿ ಚಾಲೂ ಮಾಡಲು ಆಗುವುದಿಲ್ಲ. ತಣ್ಣಗಾದ ಬಾಯ್ಲರು ಮತ್ತೆ ಕಾವೇರಿ, ಹಬೆ ಕಟ್ಟಿ, ಟರ್ಬೈನು ತಿರುಗಲು ಹಲವಾರು ಗಂಟೆ ಬೇಕು. ಪದೇ ಪದೇ ಆರಿಸಿ ಹೊತ್ತಿಸಿದರೆ ಕೊಳವೆಗಳು ಬಿರುಕು ಬಿಡುತ್ತವೆ. ಒಂದು ಮಿತಿಗಿಂತ ಕೆಳಗೆ ಇಳಿಸಲೂ ಬರುವುದಿಲ್ಲ. ಹೆಚ್ಚಿನ ಸ್ಥಾವರಗಳಿಗೆ ಅದು ಸಾಮರ್ಥ್ಯದ ಶೇ 55ರ ಆಸುಪಾಸು. ಹಾಗಾಗಿ ರಾತ್ರಿಯ ಊಟಕ್ಕೆ ಬೇಕೆಂದು ಮಧ್ಯಾಹ್ನದಿಂದಲೇ ಕೆಂಡ ಆರದಂತೆ ಕಾಯುವ ಮದುವೆಮನೆಯ ಕೋಡಿಯೊಲೆಯ ಹಾಗೆ, ಸಂಜೆ ಬೇಕಾದ ಘಟಕವನ್ನು ಹನ್ನೆರಡು ಗಂಟೆಯ ಬಿಸಿಲಲ್ಲೂ ಅರ್ಧ ಉರಿಯಲ್ಲಿ ಇಟ್ಟಿರಬೇಕು. ಪಾವಗಡದ ಫಲಕಗಳಿಗೆ ‘ಇಳಿಸಿ’ ಎನ್ನುವ ಅದೇ ಗಂಟೆಯಲ್ಲಿ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿರುವ ಗುಟ್ಟು ಇದು. ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳದ್ದು ಎಂದು 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಘೋಷಿಸಿತು. ಆ ಸಂಭ್ರಮ ಸುಳ್ಳಲ್ಲ. ಆದರೂ ದೇಶದಲ್ಲಿ ನಿಜವಾಗಿ ಉತ್ಪಾದನೆಯಾಗುವ ಯೂನಿಟ್ಟುಗಳಲ್ಲಿ ಮುಕ್ಕಾಲು ಭಾಗದ ಹತ್ತಿರ ಈಗಲೂ ಕಲ್ಲಿದ್ದಲಿನದೇ. ಸಾಮರ್ಥ್ಯ ಎನ್ನುವುದು ಹಲಗೆಯ ಮೇಲೆ ಬರೆದ ಅಂಕಿ. ಯೂನಿಟ್ಟು ನಿಜವಾಗಿ ಉರಿದದ್ದು.

ಉರಿದದ್ದು ಎಲ್ಲಿಗೆ ಹೋಗುತ್ತದೆ? ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳತೆ ಶುರುಮಾಡಿದ 1958ರಲ್ಲಿ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 315 ಇತ್ತು. ಕಾರ್ಖಾನೆಗಳ ಯುಗಕ್ಕೆ ಮುಂಚೆ 280. ಈಗ 420 ದಾಟಿದೆ. ಒಮ್ಮೆ ಮೇಲೇರಿದ ಅನಿಲದ ದೊಡ್ಡ ಪಾಲು ಶತಮಾನಗಳ ಕಾಲ ಅಲ್ಲೇ ಇರುತ್ತದೆ, ಭೂಮಿಯಿಂದ ಹೊರಡುವ ಶಾಖವನ್ನು ಹಿಡಿದಿಡುತ್ತದೆ. ಶಕ್ತಿನಗರದ ಮೊದಲ ಘಟಕ 1985ರಲ್ಲಿ ಬಿಟ್ಟ ಹೊಗೆಯ ಒಂದಂಶ ಇವತ್ತೂ ಕೆಲಸ ಮಾಡುತ್ತಿದೆ. 2024ರಲ್ಲಿ ಭೂಮಿಯ ಸರಾಸರಿ ತಾಪಮಾನ ಕಾರ್ಖಾನೆಪೂರ್ವ ಕಾಲಕ್ಕಿಂತ 1.5 ಡಿಗ್ರಿ ಹೆಚ್ಚಿನ ಗೆರೆಯನ್ನು ಮೊದಲ ಬಾರಿ ಇಡೀ ವರ್ಷಕ್ಕೆ ದಾಟಿತು. ಇದರಲ್ಲಿ ಅಮೆರಿಕ, ಯುರೋಪುಗಳ ಹಳೆಯ ಪಾಲು ನಮ್ಮದಕ್ಕಿಂತ ಎಷ್ಟೋ ದೊಡ್ಡದು ಎಂಬುದು ನಿಜ. ಆದರೆ ಮಳೆ ಕೈಕೊಡುವಾಗ ಆ ಲೆಕ್ಕ ನೋಡುವುದಿಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಿಡಿದುಕೊಂಡದ್ದನ್ನು ಒಮ್ಮೆಲೇ ಸುರಿಯುತ್ತದೆ, ನಡುವೆ ವಾರಗಟ್ಟಲೆ ಸುಮ್ಮನಿರುತ್ತದೆ. 2023ರ ಆಗಸ್ಟ್ ನೆನಪಿದೆಯಲ್ಲ? 1901ರಿಂದ ದಾಖಲೆಯಿರುವಂತೆ ದೇಶದ ಅತಿ ಒಣ ಆಗಸ್ಟ್ ಅದು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಜಲಾಶಯಗಳಲ್ಲಿ ನೀರಿಲ್ಲದೆ ಜಲವಿದ್ಯುತ್ ಕುಸಿಯಿತು. ಅದೇ ಹೊತ್ತಿಗೆ ಮಳೆಯಿಲ್ಲದ ಹೊಲಗಳಿಗೆ ನೀರುಣಿಸಲು ರಾಜ್ಯದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಚಾಲೂ ಆದವು. ಬೇಡಿಕೆ ಏರಿತು, ಉತ್ಪಾದನೆ ಇಳಿಯಿತು. ಅಕ್ಟೋಬರ್‌ನಲ್ಲಿ ಬೇಸಿಗೆಯ ಲೋಡ್ ಶೆಡ್ಡಿಂಗ್. ರಾಜ್ಯದೊಳಗಿನ ಖಾಸಗಿ ಉತ್ಪಾದಕರು ಹೊರಗೆ ಮಾರದೆ ಇಲ್ಲಿಗೇ ಕೊಡಬೇಕೆಂದು ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸರ್ಕಾರ ಅಪ್ಪಣೆ ಹೊರಡಿಸಬೇಕಾಯಿತು. ಆ ಕೊರತೆ ತುಂಬಿದ್ದು ಮತ್ತೆ ಕಲ್ಲಿದ್ದಲೇ. ಹವಾಮಾನ ಕೆಟ್ಟದ್ದರಿಂದ ಸ್ವಚ್ಛ ಕರೆಂಟು ತಪ್ಪಿ, ಹವಾಮಾನ ಕೆಡಿಸುವ ಕರೆಂಟಿನ ಕಾಲು ಹಿಡಿಯುವ ಸ್ಥಿತಿ.

ನೀರು ಕೈಕೊಟ್ಟಾಗ ಕರೆಂಟು ತಪ್ಪುವ ಪಾಠ ಮೈಸೂರು ಸೀಮೆಗೆ ಹೊಸದೇನಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 140 ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆದಾಗ ಅದು ಜಗತ್ತೇ ನೋಡಿದ ಸಾಹಸ. ಮೂರು ವರ್ಷದ ನಂತರ ಬೆಂಗಳೂರಿನ ಬೀದಿಗೆ ದೀಪವೂ ಬಂತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಗೆ ಕೊಡುವ ಮಾತು ತಪ್ಪುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಮಂಡ್ಯದ ಗದ್ದೆಯ ಜೊತೆಗೆ ಶಿವನಸಮುದ್ರಕ್ಕೆ ವರ್ಷಪೂರ್ತಿ ಒಂದೇ ಸಮ ನೀರು ಬಿಡುವುದೂ ಇತ್ತು. ಕರೆಂಟನ್ನು ಕೂಡಿಡಲಾಗದು, ನೀರನ್ನು ಕೂಡಿಡಬಹುದು ಎಂಬ ಉಪಾಯವನ್ನು ನಮ್ಮವರು ಶತಮಾನದ ಹಿಂದೆಯೇ ಕಂಡುಕೊಂಡಿದ್ದರು.

ಅದೇ ಉಪಾಯದ ದೊಡ್ಡ ರೂಪ ಶರಾವತಿಯಲ್ಲಿ ಬಂತು. ಜೋಗದ ಕೆಳಗಿನ ಮೊದಲ ವಿದ್ಯುದಾಗಾರ 1948ರ ಹೊತ್ತಿನದು, ಅದಕ್ಕೆ ಹಿರೇಭಾಸ್ಕರ ಅಣೆಕಟ್ಟಿನ ನೀರು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೇ ಹೊಸ ಹಿನ್ನೀರಿನಲ್ಲಿ ಮುಳುಗಿತು. 151 ಟಿಎಂಸಿ ನೀರು, ತಳಕಳಲೆಯ ಸಮತೋಲನ ಜಲಾಶಯ, 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರ, ಕೆಳಗೆ ಗೇರುಸೊಪ್ಪದಲ್ಲಿ 240 ಮೆಗಾವಾಟ್. ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಪೂರ್ಣ ಕರೆಂಟು. ಸಂಜೆಯ ಏರಿಕೆಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ.

ಈ ಅನುಕೂಲಕ್ಕೆ ಬೆಲೆ ತೆತ್ತವರು ಸಾಗರ, ಹೊಸನಗರ ತಾಲ್ಲೂಕಿನವರು. ಹಳ್ಳಿಗೆ ಹಳ್ಳಿಯೇ ಮುಳುಗಿತು. ನಾ. ಡಿಸೋಜರ ‘ದ್ವೀಪ’ ಓದಿದವರಿಗೆ, ಗಿರೀಶ ಕಾಸರವಳ್ಳಿಯವರ ಸಿನಿಮಾ ನೋಡಿದವರಿಗೆ ‘ಮುಳುಗಡೆ’ಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ಬಗೆಹರಿದಿಲ್ಲ. ಹಿನ್ನೀರಿನಾಚೆಯ ಕರೂರು, ಬಾರಂಗಿ ಹೋಬಳಿಯವರು ಸಾಗರದ ಆಸ್ಪತ್ರೆಗೆ ಬರಬೇಕಾದರೂ ಲಾಂಚ್ ಕಾಯಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟವರಿಗೆ ಒಂದು ಸೇತುವೆ ಕೊಡಲು ನಾವು ತೆಗೆದುಕೊಂಡ ಸಮಯವದು.

ಈಗ ಅದೇ ಕಣಿವೆಗೆ ಎರಡನೇ ಬೇಡಿಕೆ ಹೋಗಿದೆ. ಕರ್ನಾಟಕ ವಿದ್ಯುತ್ ನಿಗಮದ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ. ಕಲ್ಪನೆ ಸರಳ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪ, ನಡುವೆ ನೆಲದೊಳಗೆ ಸುರಂಗ. ಕರೆಂಟು ಮಿಗುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಸಂಜೆ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟು ಪಡೆಯುವುದು. ನೂರು ಯೂನಿಟ್ಟು ಖರ್ಚುಮಾಡಿದರೆ ಸುಮಾರು ಎಪ್ಪತ್ತೈದರಿಂದ ಎಂಬತ್ತು ವಾಪಸ್ ಬರುತ್ತದೆ. ಅಂದರೆ ಇದು ವಿದ್ಯುತ್ ಉತ್ಪಾದನೆಯಲ್ಲ, ಹೊತ್ತು ಬದಲಿಸುವ ಕೆಲಸ. ಮಧ್ಯಾಹ್ನವನ್ನು ಸಂಜೆಗೆ ಸಾಗಿಸುವುದು, ದಾರಿಯಲ್ಲಿ ಕಾಲುಭಾಗ ಸುಂಕ ಕಟ್ಟುವುದು.

ನಿಗಮದ ವಾದವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಮುಳುಗಡೆ ಇಲ್ಲ, ವಿದ್ಯುದಾಗಾರ ನೆಲದಡಿಯಲ್ಲಿ. ಆದರೆ ಜಾಗ ಯಾವುದು? ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಸಿಂಗಳೀಕ ಮರದಿಂದ ಮರಕ್ಕೆ ದಾಟುತ್ತ ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಅದರ ಕಾಡಿಗೆ ಹೆಕ್ಟೇರುಗಳ ಲೆಕ್ಕ ತಾಳೆಯಾಗುವುದಿಲ್ಲ, ನೆತ್ತಿಯ ಮೇಲೆ ಕೊಂಬೆಗೆ ಕೊಂಬೆ ತಾಗಿರಬೇಕು. ಒಂದು ಅಗಲವಾದ ರಸ್ತೆ ಸಾಕು, ಗುಂಪು ಎರಡಾಗಲು. ಸುರಂಗ ನೆಲದೊಳಗಿದ್ದರೂ ಅದಕ್ಕೆ ಹೋಗುವ ರಸ್ತೆ, ಅಗೆದ ಕಲ್ಲುಮಣ್ಣಿನ ರಾಶಿ, ಹೈಟೆನ್ಷನ್ ಲೈನು ನೆಲದ ಮೇಲೇ ಇರಬೇಕು. ಜೊತೆಗೆ ಘಟ್ಟದ ಇಳಿಜಾರು ಈಗ ಮೊದಲಿನಂತಿಲ್ಲ. 2024ರ ಜುಲೈಯಲ್ಲಿ, ಗೇರುಸೊಪ್ಪ ಇರುವ ಉತ್ತರ ಕನ್ನಡ ಜಿಲ್ಲೆಯದೇ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜನ ಸತ್ತರು. ಯೋಜನೆಯ ಬಗ್ಗೆ 2025ರಲ್ಲಿ ನಡೆದ ಸಾರ್ವಜನಿಕ ಅಹವಾಲಿನಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆಗಳ ಜನ ಬೇಡವೆಂದದ್ದರಲ್ಲಿ ಈ ಭಯವೂ ಇತ್ತು, ಹಳೆಯ ಮುಳುಗಡೆಯ ನೆನಪೂ ಇತ್ತು.

ಹಾಗಾದರೆ ಸಂಜೆಗೆ ಏನು ಮಾಡೋಣ? ಶೇಖರಣೆ ಬೇಡ ಎಂದು ವಾದಿಸಿದರೆ ಶಕ್ತಿನಗರದ ಅರೆ ಉರಿ ಹಾಗೇ ಮುಂದುವರಿಯಲಿ ಎಂದಂತೆ. ಅದನ್ನು ನಾನು ಹೇಳಲಾರೆ. ನನ್ನ ತಕರಾರು ಸರದಿಯ ಬಗ್ಗೆ. ಮಧ್ಯಾಹ್ನದ ಕರೆಂಟನ್ನು ಬೆಟ್ಟ ಹತ್ತಿಸಿ ಸಂಜೆಗೆ ತರುವ ಮೊದಲು, ಸಂಜೆ ಮತ್ತು ರಾತ್ರಿಯ ಕೆಲಸಗಳಲ್ಲಿ ಯಾವುದನ್ನು ಮಧ್ಯಾಹ್ನಕ್ಕೆ ಕರೆದೊಯ್ಯಬಹುದು ಎಂದು ನೋಡಬೇಕು.

ಮೊದಲ ಕೆಲಸ ಹೊಲದ್ದು. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ, ಒಟ್ಟು ಕರೆಂಟಿನ ಮೂರನೇ ಒಂದು ಭಾಗದಷ್ಟನ್ನು ಅವೇ ಕುಡಿಯುತ್ತವೆ. ದಶಕಗಟ್ಟಲೆ ಅವಕ್ಕೆ ತ್ರೀಫೇಸ್ ಕೊಡುತ್ತಿದ್ದುದು ಪಾಳಿಯಲ್ಲಿ, ಬಹುಪಾಲು ರಾತ್ರಿ. ಹಗಲು ಕಾರ್ಖಾನೆಗೆ, ರಾತ್ರಿ ಮಿಕ್ಕಿದ್ದು ರೈತನಿಗೆ. ಸರಿರಾತ್ರಿ ಒಂದಕ್ಕೆ ಕರೆಂಟು ಬಂತೆಂದು ಟಾರ್ಚು ಹಿಡಿದು ಗದ್ದೆಗೆ ಹೋಗಿ ಹಾವು ಕಚ್ಚಿಸಿಕೊಂಡವರು, ಆನೆ, ಕರಡಿಗೆ ಸಿಕ್ಕವರು ಎಷ್ಟು ಊರಲ್ಲಿಲ್ಲ! ಈಗ ಲೆಕ್ಕ ತಿರುಗಿದೆ. ಹಗಲೇ ಅಗ್ಗ. ಕೃಷಿ ಫೀಡರುಗಳನ್ನು ಹಗಲಿಗೆ ತರುವ ಕೆಲಸ ಶುರುವಾಗಿದೆ, ಪಿಎಂ-ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೌರಘಟಕ ಹಾಕಿ ಆ ಫೀಡರಿಗೆ ಕೊಡುವುದೂ ನಡೆದಿದೆ. ಬೋರ್‌ವೆಲ್ಲಿನಿಂದ ಹಗಲು ಎತ್ತಿ ಕೃಷಿಹೊಂಡದಲ್ಲಿ ನಿಲ್ಲಿಸಿದ ನೀರಿನಲ್ಲಿ ಸೂರ್ಯನ ಶಕ್ತಿಯೂ ನಿಂತಿರುತ್ತದೆ, ಅದಕ್ಕೆ ಸುರಂಗ ಬೇಕಿಲ್ಲ. ಒಂದು ಎಚ್ಚರ ಮಾತ್ರ ಬೇಕು. 10 ಎಚ್‌ಪಿವರೆಗೆ ಪುಕ್ಕಟೆ, ಹೆಚ್ಚಿನ ಕಡೆ ಮೀಟರೂ ಇಲ್ಲ. ಹಗಲಿಡೀ ಧಾರಾಳ ಕರೆಂಟು ಸಿಕ್ಕರೆ ಅಂತರ್ಜಲ ಬರಿದಾಗುವುದೂ ಅಷ್ಟೇ ಧಾರಾಳವಾಗಿ. ಕೋಲಾರ, ಚಿಕ್ಕಬಳ್ಳಾಪುರದ ಸಾವಿರಾರು ಅಡಿಯ ಬೋರ್‌ವೆಲ್ಲುಗಳನ್ನು ಕಂಡವರು ಇದನ್ನು ಮರೆಯುವಂತಿಲ್ಲ.

ಎರಡನೆಯದು ಸ್ನಾನದ್ದು. ಬೆಂಗಳೂರಿನಲ್ಲಿ ಮುಂಜಾನೆಯ ಗೀಜರುಗಳು ಒಟ್ಟಾಗಿ ಒಂದು ದೊಡ್ಡ ಸ್ಥಾವರದ ಕರೆಂಟನ್ನೇ ನುಂಗಬಲ್ಲವು. ನಿಗದಿತ ಅಳತೆಗಿಂತ ದೊಡ್ಡ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ, ಬಿಲ್ಲಿನಲ್ಲಿ ರಿಯಾಯಿತಿಯನ್ನೂ ಕೊಟ್ಟು ನಗರಕ್ಕೆ ಕರೆಂಟು ಹಂಚುವ ಬೆಸ್ಕಾಂ ಹಿಂದೆಯೇ ಒಳ್ಳೆಯ ದಾರಿ ಹಾಕಿತ್ತು. ತಾರಸಿಯ ಮೇಲಿನ ಆ ಡ್ರಮ್ಮು ನಿನ್ನೆ ಮಧ್ಯಾಹ್ನವನ್ನು ಇವತ್ತಿನ ಬೆಳಗಿನವರೆಗೆ ಬೆಚ್ಚಗೆ ಇಟ್ಟುಕೊಳ್ಳುತ್ತದೆ. ಹದಿನೈದು ಮಹಡಿಯ ಅಪಾರ್ಟ್‌ಮೆಂಟುಗಳು ಬಂದ ಮೇಲೆ ತಾರಸಿ ಎಲ್ಲರಿಗೂ ಸಾಲದಾಯಿತು. ಆದರೂ ಸ್ವಂತ ತಾರಸಿಯಿರುವ ಲಕ್ಷಾಂತರ ಮನೆಗಳು ಇನ್ನೂ ಇವೆ.

ಇಷ್ಟಾದ ಮೇಲೂ ಸಂಜೆ ಉಳಿದೇ ಉಳಿಯುತ್ತದೆ. ದೀಪವನ್ನು ಮಧ್ಯಾಹ್ನ ಹಚ್ಚಲಾಗದು. ಅದಕ್ಕೆ ಬ್ಯಾಟರಿ ಒಂದು ಉತ್ತರ. ಕೆಲವೇ ವರ್ಷಗಳಲ್ಲಿ ಅದರ ಟೆಂಡರ್ ದರ ಅರ್ಧಕ್ಕಿಂತಲೂ ಕೆಳಗೆ ಬಂದಿದೆ, ಸಬ್‌ಸ್ಟೇಷನ್ ಕಾಂಪೌಂಡಿನಲ್ಲೇ ಕೂರಿಸಬಹುದು, ಸಂಜೆಯ ಎರಡು-ನಾಲ್ಕು ಗಂಟೆಗೆ ಅದು ಸಾಕು. ಲಿಥಿಯಂ ಗಣಿಗಾರಿಕೆಗೂ ಪರಿಸರದ ಲೆಕ್ಕವಿದೆ, ಸಾಮಾನೂ ಬಹುಪಾಲು ಚೀನಾದ್ದು. ಪಂಪ್ಡ್ ಸ್ಟೋರೇಜೇ ಬೇಕೆಂದರೂ ಮಳೆಕಾಡೇ ಆಗಬೇಕೆಂದಿಲ್ಲ. ಆಂಧ್ರದ ಪಿನ್ನಾಪುರಂನಲ್ಲಿ ನದಿಯಿಂದ ದೂರ, ಒಣಗುಡ್ಡಗಳ ನಡುವೆ ಎರಡು ಹೊಂಡ ಕಟ್ಟಿ ಅದೇ ನೀರನ್ನು ಮೇಲೆ ಕೆಳಗೆ ಆಡಿಸುವ ಘಟಕ ಎದ್ದಿದೆ. ನಮ್ಮ ಸವದತ್ತಿಯಲ್ಲೂ ಪಂಪ್ಡ್ ಸ್ಟೋರೇಜ್ ಯೋಜನೆಯೊಂದಿದೆ.

ಹೊತ್ತಿನ ಬೆಲೆ ಬಳಸುವವನಿಗೆ ತಿಳಿಯಲೂಬೇಕು. ಬಿಸಿಲಿನ ಗಂಟೆಗಳಲ್ಲಿ ದರ ಶೇ 10ರಿಂದ 20 ಇಳಿಸಿ, ಗರಿಷ್ಠ ಬೇಡಿಕೆಯ ಗಂಟೆಗಳಲ್ಲಿ ಏರಿಸಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ನಿಯಮ ಮಾಡಿದೆ. ಸ್ಮಾರ್ಟ್ ಮೀಟರಿಲ್ಲದೆ ಅದು ಮನೆಗಳಿಗೆ ಬರದು. ಬಂದರೂ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಸೊನ್ನೆ ಬಿಲ್ಲು ಪಡೆಯುವ ಮನೆಗೆ ಹನ್ನೆರಡೂ ಒಂದೇ, ಏಳೂ ಒಂದೇ. ಬಡವರ ಮನೆಯ ಬಲ್ಬಿಗೆ ಕೈಹಾಕಿ ಎನ್ನುತ್ತಿಲ್ಲ. ಐಟಿ ಪಾರ್ಕುಗಳ ಏಸಿ, ಮಾಲುಗಳ ದೀಪ, ಕಾರ್ಖಾನೆಗಳ ಪಾಳಿ, ಕಾರು ಚಾರ್ಜಿಂಗ್ ಇವನ್ನು ಹಗಲಿಗೆ ಎಳೆಯುವಷ್ಟು ಅಂತರ ದರದಲ್ಲಿ ಇರಲಿ ಎನ್ನುತ್ತಿದ್ದೇನೆ.

ಪಂಪ್‌ಸೆಟ್ಟು ಹಗಲಿಗೆ ಬಂದರೆ ಎಷ್ಟು, ತಾರಸಿಯ ಬಿಸಿನೀರಿನಿಂದ ಎಷ್ಟು, ದರ ಬದಲಿಸಿದರೆ ಎಷ್ಟು, ಸಬ್‌ಸ್ಟೇಷನ್ನಿನ ಬ್ಯಾಟರಿಗಳಿಂದ ಎಷ್ಟು, ಒಣಗುಡ್ಡಗಳಿಂದ ಎಷ್ಟು ಎಂದು ಕಳೆಯುತ್ತ ಹೋದ ಮೇಲೆ ಸಂಜೆ ಏಳಕ್ಕೆ ಉಳಿಯುವ ಕೊರತೆ ಎಷ್ಟು ಮೆಗಾವಾಟ್ ಎಂಬ ಒಂದೇ ಅಂಕಿಯನ್ನು ಇಂಧನ ಇಲಾಖೆ ಸಾಗರ ಮತ್ತು ಹೊನ್ನಾವರದ ಜನರ ಮುಂದೆ ಇಡಲಿ. ಆ ಅಂಕಿ ಬಂದ ಮೇಲೆ ತಳಕಳಲೆಯ ಸುರಂಗದ ಮಾತಾಡಬಹುದು.